ರಾಗಿಗೆ ತವರು ಸಿಕ್ಕ ಕತೆ

ಬೇಲೂರಿನಿಂದ ಅರಸೀಕೆರೆಗೆ ಹೋಗುವ ಹಾದಿ ಉದ್ದದ್ದೇನಲ್ಲ. ಬೇಲೂರು ಬಿಟ್ಟು 16 ಕಿಲೋಮೀಟರಿಗೆ ಹಳೇಬೀಡು, ಅಲ್ಲಿಂದ ಮುಂದೆ ಜಾವಗಲ್, ಜಾವಗಲ್ ದಾಟಿದರೆ ಅರಸೀಕೆರೆಯ ಬಯಲು. ಆದರೆ ಈ ಹಾದಿಯುದ್ದಕ್ಕೂ ಮಳೆ ಕಡಿಮೆಯಾಗುತ್ತಾ ಬರುತ್ತದೆ. ಬೇಲೂರಿನ ಪಡುವಣಕ್ಕೆ ಅರೇಹಳ್ಳಿ, ಬಿಕ್ಕೋಡಿನ ಕಡೆ ಕಾಫಿ ತೋಟ, ಮೆಣಸಿನ ಬಳ್ಳಿ, ಭತ್ತದ ಗದ್ದೆ. ಹಳೇಬೀಡಿಗೆ ಬರುವಷ್ಟರಲ್ಲಿ ಗದ್ದೆ ಅನ್ನುವುದು ಕೆರೆಯ ಕೆಳಗಷ್ಟೇ ಉಳಿಯುತ್ತದೆ. ಜಾವಗಲ್ ಕಳೆದ ಮೇಲೆ ತೆಂಗು, ಹುರುಳಿ, ರಾಗಿ. ಊಟವೂ ಅದೇ ಕ್ರಮದಲ್ಲಿ ಬದಲಾಗುತ್ತದೆ. ಆ ಕಡೆ ಬೆಳಗಾದರೆ ಅಕ್ಕಿ ರೊಟ್ಟಿ, ಕಡುಬು. ಈ ಕಡೆ ಮಧ್ಯಾಹ್ನವೂ ರಾತ್ರಿಯೂ ಮುದ್ದೆ. ಒಂದೇ ಜಿಲ್ಲೆ, ಒಂದೇ ಮಾತು, ಆದರೆ ಒಲೆಯ ಮೇಲಿನ ಪಾತ್ರೆ ಬೇರೆ.

ನಾನು ಅಕ್ಕಿಯ ಕಡೆಯವಳು, ರಾಗಿಯ ಕಡೆಗೆ ಮದುವೆಯಾಗಿ ಬಂದವಳು. ಅರಸೀಕೆರೆಯಲ್ಲಿ ಬಾಡಿಗೆ ಮನೆ, ಇಬ್ಬರಿಗೂ ಕೆಲಸ, ಸಂಜೆ ಮನೆಗೆ ಬಂದ ಮೇಲೆ ಇಬ್ಬರೂ ಸೇರಿ ಅಡಿಗೆ. ಮದುವೆಯ ಹೊಸದರಲ್ಲಿ ಹೆಣ್ಣುಮಕ್ಕಳು ಕಲಿಯುವುದು ಬಹಳ ಇರುತ್ತದೆ ಅನ್ನುತ್ತಾರೆ. ನನಗೆ ಕಲಿಯಬೇಕಾಗಿದ್ದದ್ದು ಮುಖ್ಯವಾಗಿ ಒಂದೇ, ಗಂಟಿಲ್ಲದ ಮುದ್ದೆ.

ಮುದ್ದೆಯ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು. ಅದು ಒಬ್ಬರಿಗಿಂತ ಇಬ್ಬರಿಗೆ ಚೆನ್ನಾಗಿ ಒಗ್ಗುವ ಅಡಿಗೆ. ಎಸರಿಗೆ ಚೂರು ಉಪ್ಪು ಹಾಕಿ, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬಿಟ್ಟು, ಅದು ಕುದಿದು ಮೇಲೆ ಬರುವಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿಯಬೇಕು. ಆಗ ಕೈ ಆಡಿಸಬಾರದು. ನಡುವೆ ಕೋಲು ಚುಚ್ಚಿಟ್ಟರೆ ಆ ತೂತಿನಿಂದ ಎಸರು ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತದೆ, ಹಿಟ್ಟು ಒಳಗಿಂದ ಬೇಯುತ್ತದೆ. ಬೆಂದ ಮೇಲೆ ತೊಳಸುವುದು. ಇಲ್ಲಿ ತೋಳಿನ ಬಲ ಬೇಕು. ತೊಳಸುವಾಗ ಪಾತ್ರೆ ತಿರುಗುತ್ತದೆ, ಅದನ್ನು ಅಲುಗದಂತೆ ಹಿಡಿಯುವವರು ಬೇಕು. ಸೌದೆ ಒಲೆಯ ಕಾಲದಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ ಕವೆಗೋಲು ಕೊಟ್ಟು ಕಾಲಿನಲ್ಲಿ ಅದುಮಿ ಹಿಡಿಯುತ್ತಿದ್ದರಂತೆ. ಗ್ಯಾಸ್ ಒಲೆಯ ಕಟ್ಟೆಯ ಮೇಲೆ ಅದಾಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ನಾನು ಬಟ್ಟೆ ಸುತ್ತಿ ಪಾತ್ರೆ ಹಿಡಿಯುತ್ತಿದ್ದೆ, ಅವರು ತೊಳಸುತ್ತಿದ್ದರು. ಆಮೇಲೆ ನಾನೇ ತೊಳಸಲು ಕಲಿತೆ, ಅವರು ಪಾತ್ರೆ ಹಿಡಿದರು. ಒದ್ದೆ ಬೆರಳಿನಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಎಂದು ಅರ್ಥ, ನೀರು ಸವರಿದ ಮಣೆಯ ಮೇಲೆ ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಜೊತೆಗೆ ಉಪ್ಸಾರು, ಬಸ್ಸಾರು, ಮಸ್ಸೊಪ್ಪು, ಇಲ್ಲವೆ ಹುರುಳಿಕಾಳಿನ ಸಾರು. ಅವರೆಕಾಯಿಯ ಕಾಲದಲ್ಲಿ ಸೊಗಡಿನ ಅವರೆ. ಸಂಬಳದ ಕೊನೆಯ ವಾರದಲ್ಲೂ ಈ ಊಟಕ್ಕೆ ತೊಂದರೆಯಿರಲಿಲ್ಲ.

ರಾಗಿ ಬರುತ್ತಿದ್ದದ್ದು ಮಾವನವರ ಹೊಲದಿಂದ. ಹಬ್ಬಕ್ಕೆ ಊರಿಗೆ ಹೋದಾಗ ಊಟದ ನಡುವೆ ಮಾವ ಕೇಳಿದರು, "ಹೆಂಗೈತಮ್ಮ ಹಿಟ್ಟು?" ಚೆನ್ನಾಗಿದೆ ಮಾವ ಅಂದೆ. "ಇದು ಜಿಪಿಯು ಇಪ್ಪತ್ತೆಂಟು. ನಮ್ಮ ಅಪ್ಪನ ಕಾಲದಾಗೆ ಹುಲ್ಲುಬಿಳಿ. ನಾನು ಬೇಸಾಯ ಹಿಡಿದ ಮೇಲೆ ಇಂಡಾಫ್ ಬಂತು. ಇಂಡಾಫ್ ಬರದೇ ಇದ್ದಿದ್ರೆ ನಮ್ಮ ಮನೇಲಿ ವರ್ಷಪೂರ್ತಿ ಹಿಟ್ಟು ಇರ್ತಿರಲಿಲ್ಲ ಕಣಮ್ಮ." ಅತ್ತೆ ಒಳಗಿನಿಂದಲೇ, "ಹುಲ್ಲುಬಿಳಿ ಮುದ್ದೆ ರುಚಿನೇ ಬೇರೆ" ಎಂದರು. ರಾಗಿ ಅಂದರೆ ರಾಗಿ, ಅಜ್ಜ ಮುತ್ತಜ್ಜರಿಂದ ಬಂದ ಒಂದೇ ಕಾಳು ಎಂದುಕೊಂಡಿದ್ದವಳಿಗೆ ಒಂದು ತಟ್ಟೆಯ ಸುತ್ತ ಮೂರು ತಲೆಮಾರಿನ ಮೂರು ಹೆಸರು ಕೇಳಿಸಿತು. ಆ ಹೆಸರುಗಳ ಬೆನ್ನು ಹತ್ತಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಈ ಕತೆ ಅರಸೀಕೆರೆಯಲ್ಲಿ ಹುಟ್ಟಿದ್ದಲ್ಲ. ಹೆಬ್ಬಾಳ, ಕೊಯಮತ್ತೂರು, ಮಂಡ್ಯ, ಅದಕ್ಕೂ ಹಿಂದೆ ಆಫ್ರಿಕದ ಎತ್ತರದ ಬಯಲುಗಳು, ಹೀಗೆ ಸುತ್ತಿ ಬಂದು ನಮ್ಮ ತಟ್ಟೆಗೆ ಬಿದ್ದದ್ದು.

ಹಳೆ ಮೈಸೂರಿನ ಹೊಲಗಳಲ್ಲಿ ನೂರು ವರ್ಷದ ಹಿಂದೆ ಊರಿಗೊಂದು ಬಗೆಯ ರಾಗಿ ಇತ್ತು. ಗಿಡ್ಡ ರಾಗಿ, ಹುಲ್ಲುಬಿಳಿ, ಹಂಸ, ಇನ್ನೂ ಎಷ್ಟೋ. ಮಳೆಗೆ ಹೊಂದಿಕೊಂಡವು, ರುಚಿಯಾದವು, ಹುಲ್ಲು ದನಗಳಿಗೆ ಇಷ್ಟವಾದವು. ಆದರೆ ಇಳುವರಿ ಕಡಿಮೆ. ಹೊಲದಲ್ಲಿ ಒಂದೇ ಬಗೆಯೂ ಇರುತ್ತಿರಲಿಲ್ಲ, ಬೆರಕೆ. ಈ ಬೆರಕೆಯಿಂದ ಒಳ್ಳೆಯ ಗಿಡ ಆರಿಸಿ ಬೇರೆ ಮಾಡುವ ಕೆಲಸವನ್ನು ಶಾಸ್ತ್ರೀಯವಾಗಿ ಶುರುಮಾಡಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ. ಅದರ ಮುಂದಾಳು ಲೆಸ್ಲಿ ಕೋಲ್ಮನ್, ಕೆನಡಾದವರು, 1908ರಲ್ಲಿ ಮೈಸೂರಿಗೆ ಬಂದವರು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅವರ ಹೆಸರು ಗೊತ್ತು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿಸಿದವರು ಅವರೇ. ಬಯಲುಸೀಮೆಗೆ ಅವರ ಕೊಡುಗೆ ರಾಗಿ. ಹೆಬ್ಬಾಳದಲ್ಲಿ ಆಯ್ದು ಬೆಳೆಸಿದ ಎಚ್. 22 ಎಂಬ ತಳಿ 1918ರಲ್ಲಿ ರೈತರ ಕೈಸೇರಿತು. ರಾಗಿಯಲ್ಲಿ ಸುಧಾರಿತ ತಳಿ ಅಂತ ಬಂದದ್ದು ಅದೇ ಮೊದಲು. ಬಡವರ ಕಾಳು ಎಂದು ಎಲ್ಲರೂ ಬದಿಗಿಟ್ಟಿದ್ದ ಕಾಲದಲ್ಲಿ ಹೊರಗಿನಿಂದ ಬಂದ ವಿಜ್ಞಾನಿಯೊಬ್ಬರು ಅದನ್ನು ಕೈಗೆತ್ತಿಕೊಂಡು, ಅದರ ಬೇಸಾಯವನ್ನೂ ಕೂಲಂಕಷವಾಗಿ ಅಧ್ಯಯನ ಮಾಡಿ ಬರೆದಿಟ್ಟರು. ಇದಕ್ಕೆ ನಾವು ಋಣಿಗಳು.

ಆಯ್ಕೆಗೆ ಒಂದು ಮಿತಿಯಿದೆ. ಹೊಲದಲ್ಲಿ ಇರುವುದರಲ್ಲಿ ಒಳ್ಳೆಯದನ್ನು ಆರಿಸಬಹುದೇ ಹೊರತು ಇಲ್ಲದ ಗುಣವನ್ನು ಆರಿಸಲಾಗದು. ಎರಡು ತಳಿಗಳ ಗುಣ ಒಂದರಲ್ಲಿ ಬರಬೇಕಾದರೆ ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಬೇಕು. ರಾಗಿಯಲ್ಲಿ ಇದು ಎಂಥ ಕಷ್ಟ ಎಂಬುದು ಹೂ ಬಿಟ್ಟ ತೆನೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ರಾಗಿ ತೆನೆಯಲ್ಲಿ ಬೆರಳಿನಂಥ ಇಲುಕುಗಳು. ಒಂದೊಂದು ಇಲುಕಿಗೂ ಎರಡು ಸಾಲಿನಲ್ಲಿ ಒತ್ತಾಗಿ ಹತ್ತಾರು ಪುಟ್ಟ ಗೊಂಚಲು. ಒಂದೊಂದು ಗೊಂಚಲಿನಲ್ಲಿ ನಾಲ್ಕಾರು ಹೂ. ಸಾವಿರ ಕಾಳು ಸೇರಿದರೆ ಮೂರು ಗ್ರಾಂ ತೂಗುವುದೂ ಕಷ್ಟ ಅಂದಮೇಲೆ ಆ ಕಾಳಿನ ಹೂ ಎಷ್ಟು ಸಣ್ಣದಿರಬೇಕು! ಆ ಹೂವಿನೊಳಗೆ ಗಂಡು ಹೆಣ್ಣು ಎರಡೂ ಇವೆ. ಬೆಳಕು ಹರಿಯುವ ಮುಂಚೆಯೇ ಹೂ ಬಿರಿಯುತ್ತದೆ, ಅಷ್ಟರಲ್ಲಿ ತನ್ನ ಪರಾಗ ತನಗೇ ಮುಟ್ಟಿ ಆಗಿರುತ್ತದೆ. ಬೇರೆ ಗಿಡದ ಪರಾಗ ತಾಕುವುದು ನೂರರಲ್ಲಿ ಒಂದಕ್ಕೂ ಕಡಿಮೆ. ಭತ್ತದ ಹೂವಿನಲ್ಲಾದರೆ ಚಿಮಟ ಹಿಡಿದು ಕೇಸರಗಳನ್ನು ಕಿತ್ತು ಹಾಕಿ ಬೇರೆ ಪರಾಗ ಉದುರಿಸಬಹುದು. ರಾಗಿಯ ಹೂವಿನಲ್ಲಿ ಚಿಮಟ ಆಡಿಸಿದರೆ ಹೂವೇ ಹಾಳು.

ಇದಕ್ಕೆ ಒಂದು ದಾರಿ ಹುಡುಕಿದ್ದು ಕೊಯಮತ್ತೂರಿನಲ್ಲಿ. ಅಲ್ಲಿ ಸಿರಿಧಾನ್ಯಗಳ ತಜ್ಞರಾಗಿದ್ದ ಜಿ.ಎನ್. ರಂಗಸ್ವಾಮಿ ಅಯ್ಯಂಗಾರ್ ಮತ್ತು ಅವರ ಜೊತೆಗಾರರು 1934ರಲ್ಲಿ ರಾಗಿಯ ಹೂ ಅರಳುವ ಬಗೆಯನ್ನೂ ಸಂಕರದ ಬಗೆಯನ್ನೂ ವಿವರಿಸಿ ಪ್ರಕಟಿಸಿದರು. ಉಪಾಯ ಬಹಳ ಸರಳ. ಹೂವನ್ನು ಮುಟ್ಟುವುದೇ ಬೇಡ. ಒಟ್ಟಿಗೆ ಹೂ ಬಿಡುವ ಎರಡು ತೆನೆಗಳನ್ನು, ತಾಯಿಯದೊಂದು ತಂದೆಯದೊಂದು, ಜೊತೆಯಾಗಿ ಕಟ್ಟಿ ಮೇಲೆ ಚೀಲ ಮುಚ್ಚಿಬಿಡುವುದು. ಒಂದಕ್ಕೊಂದು ತಾಗಿಕೊಂಡ ಇಲುಕುಗಳ ನಡುವೆ ಎಲ್ಲೋ ಒಂದೆರಡು ಹೂವಿಗೆ ಆಚೆಯ ಪರಾಗ ತಾಕುತ್ತದೆ. ಆದರೆ ತಾಯಿ ತೆನೆಯ ನೂರಾರು ಕಾಳುಗಳಲ್ಲಿ ಆ ಒಂದೆರಡು ಯಾವುವು? ಅದಕ್ಕೆ ಗುರುತು ಬಣ್ಣ. ಕೆಲವು ರಾಗಿ ಗಿಡಗಳ ಗೆಣ್ಣಿನಲ್ಲಿ ನೇರಳೆ ಛಾಯೆಯಿರುತ್ತದೆ, ಕೆಲವು ಪೂರ್ತಿ ಹಸುರು. ನೇರಳೆ ಹಸುರಿನ ಮೇಲೆ ಗೆಲ್ಲುವ ಗುಣ. ತಾಯಿ ಹಸುರು, ತಂದೆ ನೇರಳೆ ಆಗುವಂತೆ ಆರಿಸಿಕೊಂಡರೆ, ತಾಯಿಯ ಕಾಳುಗಳನ್ನೆಲ್ಲ ಬಿತ್ತಿ ಬೆಳೆಸಿ, ಆ ಹಸುರಿನ ನಡುವೆ ನೇರಳೆ ತೋರಿದ ಗಿಡವನ್ನು ಮಾತ್ರ ಉಳಿಸಿಕೊಂಡರೆ ಸಾಕು. ಅದೇ ಸಂಕರ. ಹೂವನ್ನು ತೆನೆಯೊಂದಿಗೆ ಬಿಸಿನೀರಿನಲ್ಲಿ ಕೆಲವೇ ನಿಮಿಷ ಅದ್ದಿ ಪರಾಗವನ್ನಷ್ಟೇ ಕೊಲ್ಲುವ ವಿಧಾನ 1960ರ ದಶಕದಲ್ಲಿ ಬಂತು. ಆದರೂ ತೆನೆಗೆ ತೆನೆ ಕಟ್ಟುವ ಉಪಾಯದ ಅಂದವೇ ಬೇರೆ. ಗಿಡದ ಸ್ವಭಾವವನ್ನು ಬಲವಂತ ಮಾಡದೆ, ಅದು ತಾನಾಗಿ ಅಪರೂಪಕ್ಕೆ ಮಾಡುವುದನ್ನು ಕಾದು ಹಿಡಿಯುವ ಬುದ್ಧಿ ಅದು.

ಇನ್ನು ಮಂಡ್ಯ. ಅಲ್ಲಿನ ವಿ.ಸಿ. ಫಾರ್ಮ್, ಅಂದರೆ ವಿಶ್ವೇಶ್ವರಯ್ಯ ನಾಲೆಯ ಹೆಸರಿನ ಕೃಷಿ ಸಂಶೋಧನಾ ಕೇಂದ್ರ. ಸುತ್ತ ಕಬ್ಬು, ಭತ್ತದ ಹಸುರು, ನೀರಾವರಿಯ ಸಂಭ್ರಮ. ಅದರ ನಡುವೆ ಒಬ್ಬರು ಮಾತ್ರ ರಾಗಿಯ ಪಾತಿಗಳಲ್ಲಿ ಬಗ್ಗಿ ನಿಂತಿರುತ್ತಿದ್ದರು. ಸಿ.ಎಚ್. ಲಕ್ಷ್ಮಣಯ್ಯ. 1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಇವರನ್ನು ರೈತರು ಕರೆದದ್ದು ರಾಗಿ ಲಕ್ಷ್ಮಣಯ್ಯ ಎಂದು. ಬೆಳೆಯ ಹೆಸರನ್ನೇ ಮನೆತನದ ಹೆಸರಿನಂತೆ ಪಡೆದ ವಿಜ್ಞಾನಿ ನಮ್ಮ ನಾಡಿನಲ್ಲಿ ಇನ್ನೊಬ್ಬರು ಇರಲಾರರು.

ಲಕ್ಷ್ಮಣಯ್ಯನವರ ಮೊದಲ ಕೆಲಸ ನಮ್ಮಲ್ಲೇ ಇದ್ದ ರಾಗಿಗಳನ್ನು ಒಂದಕ್ಕೊಂದು ಬೆಸೆಯುವುದಾಗಿತ್ತು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಐವತ್ತು ಅರವತ್ತರ ದಶಕದಲ್ಲಿ ಬಂದ ಈ ತಳಿಗಳ ಹೆಸರು ಓದಿದರೇ ಅವುಗಳನ್ನು ಬೆಳೆಸಿದವರ ಮನಸ್ಸು ತಿಳಿಯುತ್ತದೆ. ಇಳುವರಿ ಹೆಚ್ಚಿತು, ಆದರೆ ಬಹಳವಲ್ಲ. ಎಲ್ಲವೂ ಒಂದೇ ನೆಲದ, ಹತ್ತಿರದ ನಂಟಿನ ರಾಗಿಗಳು. ಅವುಗಳ ನಡುವೆ ಹಂಚಿಕೊಳ್ಳಲು ಹೊಸ ಗುಣ ಹೆಚ್ಚಿರಲಿಲ್ಲ. ದೇಶಕ್ಕೆ ಹಡಗಿನಲ್ಲಿ ಅಮೆರಿಕದ ಗೋಧಿ ಬರುತ್ತಿದ್ದ ಕಾಲ ಅದು. ಭತ್ತ, ಗೋಧಿಗೆ ಹೊರದೇಶದ ಗಿಡ್ಡ ತಳಿಗಳು ಬಂದು ಹಸುರು ಕ್ರಾಂತಿ ಎನ್ನುವ ಮಾತು ಹುಟ್ಟುತ್ತಿತ್ತು. ಆ ಕ್ರಾಂತಿಯ ಪಟ್ಟಿಯಲ್ಲಿ ರಾಗಿ ಇರಲಿಲ್ಲ.

ಆಗ ಲಕ್ಷ್ಮಣಯ್ಯ ಆಫ್ರಿಕದ ರಾಗಿಗಳ ಕಡೆ ತಿರುಗಿದರು. ಜಗತ್ತಿನ ನಾನಾ ಕಡೆಯಿಂದ ಒಟ್ಟುಮಾಡಿದ ರಾಗಿ ಸಂಗ್ರಹದಲ್ಲಿ ಅವುಗಳಿಗೆ ಹೆಸರಿಲ್ಲ, ಬರೀ ನಂಬರು. ಐಇ 642, ಐಇ 929, ಐಇ 980. ನೋಡಲು ನಮ್ಮ ರಾಗಿಯಂತಲ್ಲ. ಎತ್ತರದ ಗಿಡ, ದಪ್ಪ ದಂಟು, ಉದ್ದನೆಯ ಭಾರದ ಇಲುಕು. ಬೆಂಕಿ ರೋಗವನ್ನು ತಡೆಯುವ ಶಕ್ತಿ ಅವುಗಳಲ್ಲಿ ಹಲವಕ್ಕೆ ಇತ್ತು. ಆದರೆ ನಮ್ಮ ಹೊಲಕ್ಕೆ ನೇರವಾಗಿ ಹಾಕಿದರೆ ಪ್ರಯೋಜನವಿಲ್ಲ. ಬಹಳ ತಡವಾಗಿ ತೆನೆ ಬಿಡುತ್ತವೆ. ನಮ್ಮ ಮಳೆ ಮುಗಿದುಹೋದ ಮೇಲೆ ಅವುಗಳ ಕಾಳು ತುಂಬಬೇಕು. ನಮ್ಮ ರಾಗಿಗೆ ಬೇಗ ಬರುವ ಗುಣ, ಒಣಹವೆ ತಾಳುವ ಗುಣ, ತೆನೆ ಚಿಕ್ಕದು. ಆಫ್ರಿಕದ ರಾಗಿಗೆ ತೆನೆ ದೊಡ್ಡದು, ಅವಧಿ ಉದ್ದ.

ಇಲ್ಲಿ ಕತೆಯ ಇನ್ನೊಂದು ಎಳೆ ಸೇರುತ್ತದೆ. ರಾಗಿ ಎಲ್ಲಿಯದು ಎಂಬ ಪ್ರಶ್ನೆ. ಬಹಳ ಕಾಲ ಹಲವರು ಅದು ಭಾರತದ್ದೇ ಎಂದು ನಂಬಿದ್ದರು. ಇಷ್ಟು ಬಗೆ, ಇಷ್ಟು ಹಾಡು, ಇಷ್ಟು ಆಚರಣೆ ಇರುವಲ್ಲೇ ಅದು ಹುಟ್ಟಿರಬೇಕು ಎನ್ನಿಸುವುದು ಸಹಜ. ಕಾಡುರಾಗಿಯನ್ನು ಹುಡುಕಿ ಹೋಲಿಸಿದ ಸಸ್ಯವಿಜ್ಞಾನಿಗಳಿಗೆ ಬೇರೆಯದೇ ಉತ್ತರ ಸಿಕ್ಕಿತು. ರಾಗಿಯ ಹೆತ್ತ ಗಿಡ ಆಫ್ರಿಕದ ಕಾಡುಹುಲ್ಲು. ಎರಡರಲ್ಲೂ 36 ಕ್ರೋಮೋಸೋಮು, ಎರಡೂ ಕೂಡಿ ಫಲ ಕೊಡುತ್ತವೆ. ಖಿದಿರ್ ಹಿಲು ಮತ್ತು ಜೆ.ಎಂ.ಜೆ. ಡಿ ವೆಟ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಗಟ್ಟಿಮಾಡಿತು. ಇಥಿಯೋಪಿಯ, ಉಗಾಂಡದ ಎತ್ತರದ ನೆಲದಲ್ಲಿ ಮನುಷ್ಯರು ಆ ಹುಲ್ಲನ್ನು ಪಳಗಿಸಿದರು, ಅಲ್ಲಿಂದ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಅದು ಕಡಲು ದಾಟಿ ಭಾರತಕ್ಕೆ ಬಂತು. ಬಂದು ನಮ್ಮ ಕೆಮ್ಮಣ್ಣಿಗೆ, ನಮ್ಮ ಮುಂಗಾರಿಗೆ, ನಮ್ಮ ಒಲೆಗೆ ಒಗ್ಗಿಕೊಂಡಿತು. ಎಷ್ಟು ಒಗ್ಗಿತೆಂದರೆ ಅದಕ್ಕೊಂದು ತವರಿತ್ತು ಎನ್ನುವುದೇ ಎಲ್ಲರಿಗೂ ಮರೆತುಹೋಯಿತು. ಲಕ್ಷ್ಮಣಯ್ಯ ಮಾಡಿದ್ದು ಈ ಮಗಳಿಗೆ ತವರಿನಿಂದ ಮತ್ತೆ ಬಳುವಳಿ ತರಿಸಿದ ಹಾಗೆ. ಮದುವೆಯಾಗಿ ಬೇರೆ ಸೀಮೆಗೆ ಬಂದ ನನಗೆ ಈ ಭಾಗ ಓದುವಾಗ ಕಣ್ಣು ಒದ್ದೆಯಾದದ್ದು ನಿಜ.

ಹಳೇಬೀಡಿನವರಿಗೆ ಈ ಬೆಳೆಗಳ ಹುಟ್ಟೂರಿನ ಜಗಳ ಹೊಸದಲ್ಲ. ಹೊಯ್ಸಳರ ಗುಡಿಗಳಲ್ಲಿ, ಹೆಚ್ಚಾಗಿ ಸೋಮನಾಥಪುರದಲ್ಲಿ, ಕೆಲವು ವಿಗ್ರಹಗಳ ಕೈಯಲ್ಲಿ ಇರುವುದು ಮೆಕ್ಕೆಜೋಳದ ತೆನೆ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಅಮೆರಿಕದ ಆ ಬೆಳೆ ಇಲ್ಲಿಗೆ ಬಂದಿತ್ತು ಎಂದು ಕಾರ್ಲ್ ಯೊಹಾನೆಸನ್ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದ ಕೊನೆಯಲ್ಲಿ ವಾದಿಸಿದರು. ಮೆಕ್ಕೆಜೋಳದ ತಜ್ಞರಾದ ಪಾಯಕ್ ಮತ್ತು ಸಚಾನ್ ಒಪ್ಪಲಿಲ್ಲ, ಅದು ಶಿಲ್ಪಿಗಳು ಕಲ್ಪಿಸಿದ ಮುತ್ತಿನ ಫಲ ಎಂದರು. ಅವರ ಮಾತೇ ನನಗೆ ಸರಿ ಅನ್ನಿಸುತ್ತದೆ. ಗುಡಿಯೊಳಗೆ ಮೆಕ್ಕೆಜೋಳ ಇತ್ತೋ ಇಲ್ಲವೋ, ಗುಡಿಯ ಹೊರಗಿನ ಹೊಲಗಳಲ್ಲಿ ಮಾತ್ರ ಈಗ ಧಾರಾಳವಾಗಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂಕರ ಆದ ಕೂಡಲೇ ತಳಿ ಸಿದ್ಧವಾಗುವುದಿಲ್ಲ. ಮೊದಲ ತಲೆಮಾರಿನ ಗಿಡಗಳು ಒಂದೇ ಥರ ಇರುತ್ತವೆ. ಅವುಗಳ ಕಾಳು ಬಿತ್ತಿದರೆ ಎರಡನೆಯ ತಲೆಮಾರಿನಲ್ಲಿ ಎಲ್ಲ ಗುಣಗಳೂ ಚೆದುರಿಹೋಗುತ್ತವೆ. ಒಂದು ಗಿಡ ಆಫ್ರಿಕದ ಅಜ್ಜನಂತೆ ಎತ್ತರ ಬೆಳೆದು ತೆನೆಯನ್ನೇ ಬಿಡದು, ಇನ್ನೊಂದು ಬೇಗ ತೆನೆ ಬಿಟ್ಟರೂ ಇಲುಕು ಸಣ್ಣದು, ಮತ್ತೊಂದು ಗಾಳಿಗೆ ಮಲಗುತ್ತದೆ. ಸಾವಿರಾರು ಗಿಡಗಳ ನಡುವೆ ನಡೆದಾಡಿ, ದೊಡ್ಡ ತೆನೆಯೂ ಬೇಗ ಬರುವ ಗುಣವೂ ಒಂದರಲ್ಲೇ ಕೂಡಿದ ಗಿಡವನ್ನು ಕಣ್ಣಿನಿಂದಲೇ ಹುಡುಕಬೇಕು. ಅದರ ಕಾಳು ಬೇರೆಯಾಗಿ ಬಿತ್ತಬೇಕು. ಮುಂದಿನ ವರ್ಷ ಮತ್ತೆ ಆರಿಸಬೇಕು. ಹೀಗೆ ಆರೇಳು ತಲೆಮಾರು ಕಳೆದ ಮೇಲೆ ಗುಣಗಳು ನೆಲೆ ನಿಲ್ಲುತ್ತವೆ. ಇದಕ್ಕೆ ದೊಡ್ಡ ಯಂತ್ರವಿಲ್ಲ. ಬೇಕಾದದ್ದು ಕಣ್ಣು, ನೋಟ್‌ಬುಕ್ಕು, ಬೇಸರಿಸದ ಮನಸ್ಸು. ಆವಿಷ್ಕಾರ ಅಂದರೆ ಒಂದು ಕ್ಷಣದ ಮಿಂಚು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ರಾಗಿಯ ಆವಿಷ್ಕಾರ ನಡೆದದ್ದು ಹಂಗಾಮಿನಿಂದ ಹಂಗಾಮಿಗೆ, ಬಿಸಿಲಲ್ಲಿ ಬಗ್ಗಿದ ಬೆನ್ನಿನ ಮೇಲೆ.

ಭಾರತ ಮತ್ತು ಆಫ್ರಿಕ ಎರಡೂ ಹೆಸರು ಸೇರಿಸಿ ಈ ತಳಿಗಳಿಗೆ ಇಟ್ಟ ಹೆಸರೇ ಇಂಡಾಫ್. ಎಪ್ಪತ್ತರ ದಶಕದಿಂದ ಒಂದರ ಹಿಂದೊಂದು ಬಂದವು. ಕಾವೇರಿ ರಾಗಿಗೆ ಐಇ 929 ಕೂಡಿಸಿ ಇಂಡಾಫ್ 5. ನಮ್ಮ ಅತ್ತೆ ಇನ್ನೂ ನೆನೆಯುವ ಆ ಹುಲ್ಲುಬಿಳಿಗೇ ಅದೇ ಐಇ 929 ಕೂಡಿಸಿ ಇಂಡಾಫ್ 8. ಅನ್ನಪೂರ್ಣಕ್ಕೆ ಐಇ 642 ಕೂಡಿಸಿ ಇಂಡಾಫ್ 7. ಹುಲ್ಲುಬಿಳಿ ಹೊಲದಿಂದ ಹೋಗಲಿಲ್ಲ, ಇಂಡಾಫ್ 8ರ ಒಳಗೆ ಸೇರಿಕೊಂಡಿತು ಎಂದು ಅತ್ತೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಅದು ತಿನ್ನಂಗಿತ್ತು" ಎಂದರು.

ಮೊದಲಿನ ರಾಗಿಗಿಂತ ಇಂಡಾಫ್ ಬಹಳ ಹೆಚ್ಚು ಕೊಟ್ಟಿತು. ಗೊಬ್ಬರ ಹಾಕಿದರೆ ಅದಕ್ಕೆ ತಕ್ಕಂತೆ ಬೆಳೆಯಿತು. ಇಳುವರಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ಅರಸೀಕೆರೆಯಂಥ ಮಳೆ ನೆಚ್ಚಿದ ತಾಲ್ಲೂಕಿಗೆ ಅದರಷ್ಟೇ ದೊಡ್ಡ ಉಪಕಾರವೆಂದರೆ ಅವಧಿಯ ಆಯ್ಕೆ. ಇಲ್ಲಿ ಮುಂಗಾರು ಹೇಳಿದ ಹೊತ್ತಿಗೆ ಬರುವುದಿಲ್ಲ. ಜೂನಿನಲ್ಲಿ ಬಂದರೆ ಇಂಡಾಫ್ 8, ನಾಲ್ಕು ತಿಂಗಳು ತೆಗೆದುಕೊಂಡು ತುಂಬಾ ಕೊಡುತ್ತದೆ. ತಡವಾದರೆ ಇಂಡಾಫ್ 5. ಆಗಸ್ಟು ಕಳೆದುಹೋದರೆ ಹಿಂದಿನ ಕಾಲದವರು ರಾಗಿಯ ಆಸೆ ಬಿಟ್ಟು ಹುರುಳಿ ಚೆಲ್ಲುತ್ತಿದ್ದರು, ಯಾಕೆಂದರೆ ಉದ್ದ ಅವಧಿಯ ರಾಗಿ ಚಳಿಗೆ ಸಿಕ್ಕಿ ಜೊಳ್ಳಾಗುತ್ತಿತ್ತು. ಚಳಿ ತಾಳುವ ಇಂಡಾಫ್ 7, ಮೂರು ತಿಂಗಳ ಆಜುಬಾಜಿನಲ್ಲಿ ಮುಗಿಯುವ ಇಂಡಾಫ್ 9 ಬಂದ ಮೇಲೆ ತಡವಾದ ಮಳೆಗೂ ಒಂದು ರಾಗಿ ಇತ್ತು. ಮಾವ ಹೇಳಿದ ವರ್ಷಪೂರ್ತಿ ಹಿಟ್ಟಿನ ಅರ್ಥ ನನಗೆ ಆಗ ಹೊಳೆಯಿತು. ಅವರು ಹೇಳಿದ್ದು ಚೀಲ ಎಷ್ಟು ಬಂತು ಎಂಬುದಷ್ಟನ್ನೇ ಅಲ್ಲ. ಮಳೆ ಕೈಕೊಟ್ಟ ವರ್ಷವೂ ಕಣಕ್ಕೆ ಏನಾದರೂ ಬಂತು ಎಂಬುದನ್ನು.

ಕತೆ ಅಲ್ಲಿಗೆ ಮುಗಿಯಲಿಲ್ಲ. ರಾಗಿಯ ದೊಡ್ಡ ಶತ್ರು ಬೆಂಕಿ ರೋಗ. ಎಲೆಗೆ ಬಂದರೆ ಚುಕ್ಕೆ, ತೆನೆಯ ಕುತ್ತಿಗೆಗೆ ಬಂದರೆ ತೆನೆಯೇ ಒಣಗುತ್ತದೆ, ಇಲುಕಿಗೆ ಬಂದರೆ ಕಾಳು ಜೊಳ್ಳು. ಇಂಡಾಫ್ 5 ಎಲ್ಲ ಕಡೆ ಹರಡಿದ ಮೇಲೆ ಈ ರೋಗಕ್ಕೆ ಅದು ಸುಲಭವಾಗಿ ತುತ್ತಾಗುವುದೂ ಕಾಣಿಸಿತು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಅಂದರೆ ಜಿಕೆವಿಕೆಯಲ್ಲಿ, ಮತ್ತೆ ತವರಿನ ಕಡೆಗೇ ನೋಡಿದರು. ಐಇ 1012 ಎಂಬ ಇನ್ನೊಂದು ಆಫ್ರಿಕದ ರಾಗಿಯ ರೋಗ ತಡೆಯುವ ಗುಣವನ್ನು ಇಂಡಾಫ್ 9ಕ್ಕೆ, ಅದನ್ನು ತಿರುಗಿ ಇಂಡಾಫ್ 5ಕ್ಕೆ ಕೂಡಿಸಿ ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಕೊಟ್ಟ ತಳಿಯೇ ಜಿಪಿಯು 28. ನಾನು ಮೊದಲ ಸಲ ತೊಳಸಿದ ಮುದ್ದೆ. ಅದೇ ಐಇ 1012 ಮತ್ತು ಇಂಡಾಫ್ 5ರಿಂದ ಬಂದ ಎಂಎಲ್ 365 ಮುದ್ದೆಗೆ ಬಹಳ ಒಳ್ಳೆಯದೆಂದು ಹೆಸರು ಪಡೆದಿದೆ. ಮಂಡ್ಯದಲ್ಲಿ ಕೆಲಸ ನಿಂತಿಲ್ಲ. ಅಲ್ಲಿಂದ ಬಂದ ಕೆಎಂಆರ್ 340 ಬಿಳಿ ರಾಗಿ, ಬಿಸ್ಕತ್ತು ಬ್ರೆಡ್ಡು ಮಾಡುವವರಿಗೆ ಅನುಕೂಲ.

ತಳಿ ಬದಲಾದರೆ ಮುದ್ದೆ ಬದಲಾಗುತ್ತದೆಯೇ? ಆಗುತ್ತದೆ ಎಂದೇ ನನ್ನ ಅನುಭವ. ಒಂದು ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಇನ್ನೊಂದು ಕಡಿಮೆ. ಒಂದರ ಮುದ್ದೆ ಆರಿದ ಮೇಲೂ ಮೆತ್ತಗಿರುತ್ತದೆ, ಇನ್ನೊಂದರದು ಬೇಗ ಗಟ್ಟಿಯಾಗುತ್ತದೆ. ರಾಗಿಯಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಅಂಟಿಲ್ಲ. ಬಿಸಿನೀರಿನಲ್ಲಿ ಬೆಂದು ಉಬ್ಬಿದ ಪಿಷ್ಟವೇ ಅದರ ಅಂಟು. ಆದ್ದರಿಂದ ಬೇಯುವ ಮೊದಲೇ ತೊಳಸಲು ಅವಸರ ಮಾಡಿದರೆ ಮುದ್ದೆ ಬಿರಿಯುತ್ತದೆ. ಹೊಸ ಮೂಟೆ ಬಂದಾಗಲೆಲ್ಲ ನಾವಿಬ್ಬರೂ ಎಸರಿನ ಅಳತೆಯನ್ನು ಮತ್ತೆ ನಿಗಾ ಮಾಡುತ್ತೇವೆ. ಬಟ್ಟಲು ಹಿಟ್ಟಿಗೆ ಎರಡು ಬಟ್ಟಲು ನೀರಿನಿಂದ ಶುರು, ಆಮೇಲೆ ಆ ಹಿಟ್ಟು ಕೇಳಿದಂತೆ. ಹೊಸದಾಗಿ ಸಂಸಾರ ಹೂಡಿದವರಿಗೆ ನಾನು ಧೈರ್ಯವಾಗಿ ಹೇಳುವ ಊಟ ಇದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಒಂದು ಹಿಡಿ ಸೊಪ್ಪು, ಒಂದು ಹಿಡಿ ಕಾಳು, ಇಬ್ಬರ ಕೈ ಸೇರಿದರೆ ಅರ್ಧ ಗಂಟೆಯಲ್ಲಿ ಊಟ.

ಈಗ ಮೆಕ್ಕೆಜೋಳದ ಮಾತು. ಹಳೇಬೀಡು, ಜಾವಗಲ್ ಸುತ್ತ ರಾಗಿಯ ಹೊಲಗಳನ್ನು ಮೆಕ್ಕೆಜೋಳ ಹಿಡಿಯುತ್ತಾ ಬಂದಿದೆ. ರೈತರನ್ನು ದೂರಲು ನನಗೆ ಬಾಯಿಲ್ಲ. ಕೋಳಿ ಆಹಾರಕ್ಕೆ, ಕಾರ್ಖಾನೆಗೆ ಬೇಡಿಕೆಯಿದೆ, ಕೆಲಸ ಕಡಿಮೆ, ಹಣ ಕೈಗೆ ಬೇಗ. ರಾಗಿಗೆ ಕೇಂದ್ರ ಸರ್ಕಾರ 2024–25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಆ ಬೆಲೆ ಸಿಗಬೇಕಾದರೆ ಹೆಸರು ನೋಂದಾಯಿಸಿ, ಸರದಿಯಲ್ಲಿ ನಿಂತು ಕಾಯಬೇಕು. ಆದರೂ ಒಂದು ವ್ಯತ್ಯಾಸವನ್ನು ಎಲ್ಲರೂ ತಿಳಿದಿರಬೇಕು. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು, ಬೆಳೆದ ಕಾಳನ್ನೇ ಬಿತ್ತಿದರೆ ಗುಣ ಚೆದುರುತ್ತದೆ. ರಾಗಿ ಹಾಗಲ್ಲ. ಇಂಡಾಫ್ ಸಂಕರದಿಂದ ಹುಟ್ಟಿದ್ದರೂ ನೆಲೆನಿಂತ ತಳಿ. ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುವ ಹೂ ಅದರದು. ತಳಿ ವಿಜ್ಞಾನಿಗಳನ್ನು ಅಷ್ಟು ಕಾಡಿದ ಆ ಗುಣವೇ ರೈತನಿಗೆ ವರವಾಯಿತು. ಒಮ್ಮೆ ಒಳ್ಳೆಯ ಬೀಜ ತಂದರೆ, ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟರೆ, ಅದೇ ಬೀಜ ಹಲವು ವರ್ಷ ನಡೆಯುತ್ತದೆ. ಪಕ್ಕದ ಮನೆಗೂ ಒಂದು ಸೇರು ಕೊಡಬಹುದು. ಲಕ್ಷ್ಮಣಯ್ಯ ಮಾಡಿದ್ದು ಹೀಗೆ ಹಂಚಿಕೊಳ್ಳಬಹುದಾದ ಆವಿಷ್ಕಾರ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಮೇಳಗಳು ನಡೆದವು, ರಾಗಿಯ ಬಣ್ಣದ ಪೊಟ್ಟಣಗಳು ಅಂಗಡಿಗೆ ಬಂದವು. ಆ ಪೊಟ್ಟಣಗಳ ಮೇಲೆ ಕಂಪನಿಯ ಹೆಸರು, ಪೋಷಕಾಂಶದ ಲೆಕ್ಕ ಎಲ್ಲ ಇರುತ್ತದೆ, ತಳಿಯ ಹೆಸರು ಮಾತ್ರ ಇರುವುದಿಲ್ಲ. ಮಾವಿನಹಣ್ಣು ಕೊಳ್ಳುವಾಗ ಬಾದಾಮಿಯೋ ರಸಪುರಿಯೋ ಎಂದು ಕೇಳುತ್ತೇವೆ, ಅಕ್ಕಿ ಕೊಳ್ಳುವಾಗ ಸೋನಾಮಸೂರಿಯೇ ಎಂದು ಕೇಳುತ್ತೇವೆ. ರಾಗಿಗೆ ಆ ಮರ್ಯಾದೆಯನ್ನು ನಾವೇ ಕೊಟ್ಟಿಲ್ಲ. ಹೊಸದಾಗಿ ಮನೆ ಹೂಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಸಂತೆಯಲ್ಲೋ, ಊರಿನ ರೈತರ ಬಳಿಯೋ ಇಡೀ ರಾಗಿ ತನ್ನಿ, ಹಸನು ಮಾಡಿ ಗಿರಣಿಗೆ ಹಾಕಿಸಿ, ತರುವಾಗ ಇದು ಯಾವ ರಾಗಿ ಎಂದು ಕೇಳಿ. ಬೆಳೆದವರಿಗೆ ಅದರ ಹೆಸರು ಗೊತ್ತಿರುತ್ತದೆ, ಕೇಳಿದರೆ ಸಂತೋಷದಿಂದ ಹೇಳುತ್ತಾರೆ.